ಬೊಜ್ಜು ಇಳಿಸುವ ಮದ್ದು: ಶಾಸ್ತ್ರದ ಮಾತು, ಡಬ್ಬಿಯ ಮಾತು

(ಹಡಪಸರದ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಓದಿದ ಭಾಷಣ)



ಈ ಸಲದ ಕೂಟಕ್ಕೆ ನಾವು ಆರಿಸಿಕೊಂಡ ವಿಷಯ, ಮೈ ಇಳಿಸುವುದಕ್ಕೆಂದು ತೆಗೆದುಕೊಳ್ಳುವ ಆಯುರ್ವೇದದ ಮದ್ದುಗಳು. ಇದನ್ನು ಆರಿಸಲು ಕಾರಣವುಂಟು. ವಾಚನಾಲಯಕ್ಕೆ ಬರುವವರು ಪತ್ರಿಕೆ ಓದಿ ಮುಗಿಸಿದ ಮೇಲೆ ಚೀಲದಿಂದ ಒಂದು ಡಬ್ಬಿಯನ್ನೋ ಚೀಟಿಯನ್ನೋ ತೆಗೆದು, "ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಹೇಳಿರಿ" ಎಂದು ಕೇಳುವುದು ಈಚೆಗೆ ಹೆಚ್ಚಾಗಿದೆ. ಬರಹವು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ಗೋಡೆಯ ಮೇಲೆ ಅಂಟಿಸಿದ ಕಾಗದದಲ್ಲಿಯೂ ಕೈಯಲ್ಲಿರುವ ಫೋನಿನಲ್ಲಿಯೂ ಅದೇ ಮಾತು: ಮೂವತ್ತು ದಿನದಲ್ಲಿ ಹತ್ತು ಕಿಲೋ ಇಳಿಯುವುದು, ಪಥ್ಯ ಬೇಡ, ವ್ಯಾಯಾಮ ಬೇಡ, ಗಿಡಮೂಲಿಕೆಯಾದ್ದರಿಂದ ಅಪಾಯವೂ ಇಲ್ಲ. ಒಂದು ಡಬ್ಬಿಗೆ ಕೊಡುವ ಹಣವೆಂದರೆ ನಮ್ಮಲ್ಲಿ ಎಷ್ಟೋ ಜನರ ಎರಡು ಮೂರು ದಿನದ ದುಡಿಮೆ. ಆ ಹಣ ಊರಿಗೆ ಹೋಗಬೇಕಾದ ಹಣ. ಆದುದರಿಂದ ಈ ವಿಷಯವನ್ನು ನಿಧಾನವಾಗಿ, ಒಂದೊಂದಾಗಿ ನೋಡುವುದು ಒಳ್ಳೆಯದು.

ನಾವು ವೈದ್ಯರಲ್ಲ. ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇವೆ, ಅಷ್ಟೆ. ಆಯುರ್ವೇದವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಕಣ್ಣು ಮುಚ್ಚಿ ಹೊಗಳುವುದೂ ಅಲ್ಲ. ಶಾಸ್ತ್ರದಲ್ಲಿ ಏನು ಹೇಳಿದೆ, ಈ ಕಾಲದ ಪರೀಕ್ಷೆಯಲ್ಲಿ ಏನು ಕಂಡುಬಂದಿದೆ, ನಮ್ಮಂಥವರು ಏನು ಮಾಡಬಹುದು, ಈ ಮೂರನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲು ಶಾಸ್ತ್ರ. ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯಕ್ಕೆ ಅಷ್ಟೌನಿಂದಿತೀಯ ಎಂದು ಹೆಸರು. ಶರೀರದ ವಿಷಯದಲ್ಲಿ ನಿಂದೆಗೆ ಗುರಿಯಾಗುವ ಎಂಟು ಬಗೆಯ ಜನರನ್ನು ಅಲ್ಲಿ ಎಣಿಸಿದೆ. ಅತಿ ಎತ್ತರ, ಅತಿ ಗಿಡ್ಡ ಮೊದಲಾದವರ ಜೊತೆಗೆ ಅತಿ ಸ್ಥೂಲನನ್ನೂ ಅತಿ ಕೃಶನನ್ನೂ ಹೇಳಿ, ಈ ಇಬ್ಬರ ಚಿಕಿತ್ಸೆಯನ್ನೇ ಅಧ್ಯಾಯವು ವಿಸ್ತರಿಸುತ್ತದೆ. ಅತಿ ಸ್ಥೂಲನಿಗೆ ಎಂಟು ದೋಷಗಳು: ಆಯುಸ್ಸು ಕುಂದುವುದು, ಚಲನೆ ಮಂದವಾಗುವುದು, ದಾಂಪತ್ಯಕ್ಕೆ ತೊಡಕು, ದೌರ್ಬಲ್ಯ, ಮೈಯ ದುರ್ಗಂಧ, ಅತಿಯಾದ ಬೆವರು, ಅತಿಯಾದ ಹಸಿವು, ಅತಿಯಾದ ಬಾಯಾರಿಕೆ. ಕಾರಣಗಳನ್ನೂ ಎಣಿಸಿದೆ: ಮಿತಿ ಮೀರಿದ ಊಟ, ಜಿಡ್ಡಿನ ಮತ್ತು ಸಿಹಿಯ ಪದಾರ್ಥ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ದೆ, ಚಿಂತೆಯೇ ಇಲ್ಲದಿರುವುದು, ತಂದೆತಾಯಿಗಳಿಂದ ಬಂದ ಬೀಜದ ಸ್ವಭಾವ. ವಂಶದಿಂದಲೂ ಬೊಜ್ಜು ಬರುವುದುಂಟೆಂದು ಅಷ್ಟು ಹಿಂದೆಯೇ ಹೇಳಿದ್ದಾರೆ. ಆದುದರಿಂದ ದಪ್ಪಗಿರುವ ಗೆಳೆಯನನ್ನು ಕಂಡು "ತಿಂದು ಬೆಳೆಸಿದ್ದಾನೆ" ಎಂದು ಹಾಸ್ಯ ಮಾಡುವುದು ಶಾಸ್ತ್ರಕ್ಕೂ ಒಪ್ಪುವ ಮಾತಲ್ಲ.

ಸ್ಥೂಲನೆಂದರೆ ಯಾರು? ಚರಕನ ಕಾಲದಲ್ಲಿ ತೂಕದ ಯಂತ್ರವಿರಲಿಲ್ಲ. ನಡೆಯುವಾಗ ಹೊಟ್ಟೆ, ಎದೆ, ನಿತಂಬಗಳು ಅಲುಗಾಡುವುದು, ಮೈ ಬೆಳೆದಷ್ಟು ಉತ್ಸಾಹ ಬೆಳೆಯದಿರುವುದು, ಇವು ಅವನ ಲಕ್ಷಣಗಳು. ಇಂದಿನ ವೈದ್ಯರು ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿ ಒಂದು ಅಂಕಿಯನ್ನು ತೆಗೆಯುತ್ತಾರೆ. ೨೦೦೯ರಲ್ಲಿ ನಮ್ಮ ದೇಶದ ತಜ್ಞರು ಸೇರಿ ಭಾರತೀಯರಿಗೆ ಇಟ್ಟ ಮಿತಿಯಂತೆ ಈ ಅಂಕಿ ೨೩ ದಾಟಿದರೆ ತೂಕ ಹೆಚ್ಚು, ೨೫ ಮುಟ್ಟಿದರೆ ಬೊಜ್ಜು. ೧೬೫ ಸೆಂಟಿಮೀಟರ್ ಎತ್ತರದವರಿಗೆ ಇದು ಸುಮಾರು ೬೩ ಕಿಲೋ ಮತ್ತು ೬೮ ಕಿಲೋ ಆಗುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ ೯೦, ಹೆಂಗಸರಿಗೆ ೮೦ ಸೆಂಟಿಮೀಟರ್ ಮುಟ್ಟಿದರೆ ಎಚ್ಚರ ಬೇಕು.

ಈ ಸೊಂಟದ ಮಾತಿನಲ್ಲಿ ನಮ್ಮ ಪುಣೆಗೇ ಸೇರಿದ ಒಂದು ಸಂಗತಿಯುಂಟು. ಇಲ್ಲಿಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ಬಹುಕಾಲದಿಂದ ಸಕ್ಕರೆ ಕಾಯಿಲೆಯನ್ನು ಅಭ್ಯಾಸ ಮಾಡಿದವರು. ೨೦೦೪ರಲ್ಲಿ ಅವರೂ ಇಂಗ್ಲೆಂಡಿನ ಯುಡ್ಕಿನ್ ಎಂಬ ವೈದ್ಯರೂ ತಮ್ಮ ತಮ್ಮ ದೇಹಗಳನ್ನೇ ಅಳೆದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ತೂಕ ಎತ್ತರದ ಅಂಕಿಯೂ ೨೨.೩, ಒಂದೇ. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ ೯.೧, ಯಾಜ್ಞಿಕರ ಮೈಯಲ್ಲಿ ೨೧.೨. ಅಂದರೆ ನಮ್ಮ ದೇಶದವನು ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ತುಂಬಿರಬಹುದು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಗುಮಾಸ್ತರು ನಮ್ಮಲ್ಲಿ ಅನೇಕರಿದ್ದಾರೆ. ಅವರು ತೂಕದ ಯಂತ್ರವನ್ನು ನಂಬಿ ಸುಮ್ಮನಿರಬಾರದು. ಟೇಪು ಹಿಡಿದು ಸೊಂಟವನ್ನೂ ನೋಡಿಕೊಳ್ಳಬೇಕು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ನೂರಕ್ಕೆ ೨೪, ಗಂಡಸರಲ್ಲಿ ೨೨.೯ ಜನರ ಅಂಕಿ ೨೫ ಅಥವಾ ಅದಕ್ಕಿಂತ ಮೇಲು. ಇದು ಸಾಹುಕಾರರ ರೋಗವೆಂಬ ಕಾಲ ಹೋಯಿತು.

ಇನ್ನು ಚಿಕಿತ್ಸೆ. ಸ್ಥೂಲನಿಗೆ ಕೊಡುವ ಆಹಾರ ಗುರುವಾಗಿಯೂ ಅಪತರ್ಪಣವಾಗಿಯೂ ಇರಬೇಕೆಂಬುದು ಚರಕನ ಸೂತ್ರ. ಗುರುವೆಂದರೆ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುವಂಥದು. ಅಪತರ್ಪಣವೆಂದರೆ ಮೈಗೆ ಪುಷ್ಟಿಯನ್ನು ಕೂಡಿಸದಂಥದು. ಸ್ಥೂಲನ ಹಸಿವು ತೀಕ್ಷ್ಣ, ಹಗುರ ಆಹಾರ ಕೊಟ್ಟರೆ ಬೇಗ ಜೀರ್ಣವಾಗಿ ಮತ್ತೆ ಹಸಿವಾಗುತ್ತದೆ ಎಂಬುದು ಅದಕ್ಕೆ ಕಾರಣ. ಇಂದಿನವರು ನಾರು ಹೆಚ್ಚಿರುವ ಧಾನ್ಯ, ಬೇಳೆಕಾಳು ಎಂದು ಹೇಳುವುದು ಬಹುಮಟ್ಟಿಗೆ ಇದನ್ನೇ. ಚರಕನ ಪಟ್ಟಿಯನ್ನು ನೋಡಿರಿ: ಜವೆ, ನವಣೆ, ಸಾವೆ, ಹಾರಕ, ಹೆಸರು, ಹುರುಳಿ, ಪಡುವಲ, ನೆಲ್ಲಿಕಾಯಿ. ಜವೆಗೆ ಇಲ್ಲಿಯ ಅಂಗಡಿಯಲ್ಲಿ ಜವ ಎನ್ನುತ್ತಾರೆ, ನವಣೆಗೆ ರಾಳ, ಹಾರಕಕ್ಕೆ ಕೋದ್ರಾ, ಹುರುಳಿಗೆ ಕುಳೀಥ ಅಥವಾ ಹುಲಗಾ, ನೆಲ್ಲಿಗೆ ಆವಳಾ. ಇವು ನಮ್ಮ ಹಿರಿಯರು ಒಣಬೇಸಾಯದ ಹೊಲದಲ್ಲಿ ಬೆಳೆದು ತಿಂದ ಕಾಳುಗಳೇ.

ಮದ್ದುಗಳೆಂದು ಚರಕನು ಹೇಳುವುದು ಅಮೃತಬಳ್ಳಿ, ಕೊನ್ನಾರಿಗಡ್ಡೆ, ತ್ರಿಫಲಾ, ತಕ್ರಾರಿಷ್ಟ, ಜೇನು, ವಾಯುವಿಳಂಗ, ಒಣಶುಂಠಿ, ಯವಕ್ಷಾರ, ಲೋಹಭಸ್ಮ, ಶಿಲಾಜತು ಮೊದಲಾದವು. ತ್ರಿಫಲೆಯೆಂದರೆ ಅಳಲೆ, ತಾರೆ, ನೆಲ್ಲಿ ಈ ಮೂರು ಕಾಯಿಗಳು, ಮರಾಠಿಯಲ್ಲಿ ಹಿರಡಾ, ಬೆಹಡಾ, ಆವಳಾ. ಸುಶ್ರುತನು ಸ್ಥೌಲ್ಯಕ್ಕೆ ಗುಗ್ಗುಲುವನ್ನೂ ಹೇಳಿದ್ದಾನೆ. ಆದರೆ ಇಬ್ಬರೂ ಈ ಮದ್ದುಗಳನ್ನು ಒಂಟಿಯಾಗಿ ಹೇಳಿಲ್ಲವೆಂಬುದನ್ನು ಗಮನಿಸಬೇಕು. ಆಹಾರ, ವ್ಯಾಯಾಮ, ದಿನಚರಿ ಇವುಗಳ ನಡುವೆ ಮದ್ದಿಗೆ ಒಂದು ಸ್ಥಾನ ಕೊಟ್ಟಿದ್ದಾರೆ. ವ್ಯಾಯಾಮವನ್ನು ದಿನದಿನಕ್ಕೆ ಕ್ರಮವಾಗಿ ಹೆಚ್ಚಿಸಬೇಕೆಂದು ಚರಕನು ಸ್ಪಷ್ಟವಾಗಿ ಹೇಳುತ್ತಾನೆ. "ಪಥ್ಯ ಬೇಡ, ವ್ಯಾಯಾಮ ಬೇಡ" ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಿ ಅದಕ್ಕೆ ಆಯುರ್ವೇದವೆಂದು ಹೆಸರಿಟ್ಟರೆ ಚರಕನೇ ಒಪ್ಪಲಾರನು.

ಜೇನಿನ ವಿಷಯದಲ್ಲಿಯೂ ಹೀಗೆಯೇ. ಬೆಳಗ್ಗೆ ಎದ್ದು ಕುದಿಯುವ ನೀರಿಗೆ ಜೇನು, ನಿಂಬೆ ಹಿಂಡಿ ಕುಡಿಯುವುದು ಈಗ ಮನೆಮನೆಯ ರೂಢಿ. ಚರಕನು ಜೇನುನೀರನ್ನು ಹೇಳಿರುವುದು ನಿಜ. ಆದರೆ ಜೇನನ್ನು ಬಿಸಿಯೊಡನೆ ಸೇರಿಸಬಾರದೆಂದೂ ಅವನೇ ಹೇಳಿದ್ದಾನೆ. ಲೆಕ್ಕದ ಕಡೆಯಿಂದ ನೋಡಿದರೆ ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು ೬೦ ಕ್ಯಾಲೊರಿಯಿದೆ. ದಿನದ ಸಕ್ಕರೆಯನ್ನು ಬಿಡದೆ ಇದನ್ನೂ ಕೂಡಿಸಿಕೊಂಡರೆ ಮೈ ಇಳಿಯುವ ಬಗೆ ಹೇಗೆ?

ಇನ್ನು ಈ ಕಾಲದ ಪರೀಕ್ಷೆಗಳು. ಮೂರು ಮದ್ದುಗಳ ಕಥೆಯನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದು ಗುಗ್ಗುಲು. ೧೯೬೬ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಡಾ. ಜಿ. ವಿ. ಸತ್ಯವತಿಯವರು ತಮ್ಮ ಸಂಶೋಧನ ಪ್ರಬಂಧಕ್ಕಾಗಿ ಸುಶ್ರುತನ ಮಾತನ್ನು ಹಿಡಿದು ಮೊಲಗಳ ಮೇಲೆ ಪರೀಕ್ಷೆ ನಡೆಸಿದರು. ಗುಗ್ಗುಲುವಿನಿಂದ ಮೊಲಗಳ ರಕ್ತದ ಕೊಬ್ಬಿನಂಶ ತಗ್ಗಿತು. ಇದೇ ಸತ್ಯವತಿಯವರು ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕ ಪದವಿಗೇರಿದ ಮೊದಲ ಮಹಿಳೆಯಾದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು ೧೯೮೦ರ ದಶಕದಲ್ಲಿ ಗುಗ್ಗುಲುವಿನ ಸಾರದಿಂದ ಮದ್ದನ್ನೂ ತಯಾರಿಸಿದರು. ಆದರೆ ೨೦೦೩ರಲ್ಲಿ ಅಮೆರಿಕದಲ್ಲಿ ೧೦೩ ಜನರ ಮೇಲೆ ಎಂಟು ವಾರ ನಡೆಸಿದ ಪರೀಕ್ಷೆಯಲ್ಲಿ ಮದ್ದು ತಿಂದವರ ಕೆಟ್ಟ ಕೊಲೆಸ್ಟೆರಾಲು ಇಳಿಯುವ ಬದಲು ನೂರಕ್ಕೆ ನಾಲ್ಕೈದರಷ್ಟು ಏರಿತು. ಕೆಲವರ ಮೈಮೇಲೆ ದದ್ದುಗಳೆದ್ದವು. ಒಂದು ಕಡೆ ಆದದ್ದು ಇನ್ನೊಂದು ಕಡೆ ಆಗಲಿಲ್ಲ, ಪ್ರಶ್ನೆ ಇನ್ನೂ ತೀರಿಲ್ಲ. ಈ ನಡುವೆ ಗುಗ್ಗುಲುವಿನ ಗಿಡವೇ ಅಂಟಿಗಾಗಿ ಗಾಯಪಟ್ಟು ಪಟ್ಟು, ಅಳಿವಿನ ಅಂಚಿಗೆ ಬಂದ ಗಿಡಗಳ ಪಟ್ಟಿಗೆ ಸೇರಿದೆ.

ಎರಡನೆಯದು ನಮ್ಮ ನಾಡಿನದೇ. ಉತ್ತರ ಕನ್ನಡದ ಶಿರಸಿ ಸಿದ್ದಾಪುರದ ಕಡೆಯವರು ಉಪ್ಪಾಗೆ ಎಂಬ ಹುಳಿಕಾಯಿಯನ್ನು ಬಲ್ಲರು. ಅದರ ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಕೊಡಗಿನವರು ಹಣ್ಣಿನ ರಸ ಕಾಯಿಸಿ ಕಾಚಂಪುಳಿ ಮಾಡುತ್ತಾರೆ. ಇಲ್ಲಿ ಸೋಲಕಢಿಗೆ ಹಾಕುವ ಕೋಕಂ, ನಮ್ಮ ಮುರುಗಲು, ಇದರ ಹತ್ತಿರದ ನಂಟ. ೧೯೬೫ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಈ ಕಾಯಿಯ ಹುಳಿ ಯಾವುದೆಂದು ಗುರುತಿಸಿದರು. ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವೆಂದು ಅದರ ಹೆಸರು. ಮೈಯಲ್ಲಿ ಸಕ್ಕರೆ ಕೊಬ್ಬಾಗಿ ಮಾರ್ಪಡುವ ಹಾದಿಯಲ್ಲಿ ಈ ಆಮ್ಲವು ಅಡ್ಡ ನಿಲ್ಲುತ್ತದೆಂದು ಮುಂದೆ ಅಮೆರಿಕದವರು ಪ್ರಯೋಗಶಾಲೆಯಲ್ಲಿ ಕಂಡರು. ಇಲಿಗಳಲ್ಲಿ ಫಲ ತೋರಿತು. ಅಲ್ಲಿಂದ ಮುಂದೆ ವ್ಯಾಪಾರ ಎದ್ದಿತು. ಮಳೆಗಾಲದಲ್ಲಿ ಮಾಗುವ ಕಾಯಿಯ ಸಿಪ್ಪೆಯನ್ನು ಸೌದೆಯ ಬೆಂಕಿಯ ಮೇಲೆ ಒಣಗಿಸಿ, ಮಲೆನಾಡಿನ ಕಾಡುಗಳಿಂದ ಪರದೇಶಕ್ಕೆ ಸಾಗಿಸಿದರು. ಕಾಯಿಗಾಗಿ ಕೊಂಬೆ ಕಡಿದದ್ದೂ, ಒಣಗಿಸಲು ಕಾಡನ್ನೇ ಉರಿಸಿದ್ದೂ ಉಂಟು.

ಫಲವೇನಾಯಿತು? ೧೯೯೮ರಲ್ಲಿ ನ್ಯೂಯಾರ್ಕಿನಲ್ಲಿ ೧೩೫ ಜನ ಸ್ಥೂಲರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಈ ಮದ್ದನ್ನೂ ಇನ್ನೊಂದಕ್ಕೆ ಮದ್ದಿಲ್ಲದ ಹುಸಿಗುಳಿಗೆಯನ್ನೂ ಹನ್ನೆರಡು ವಾರ ಕೊಟ್ಟರು. ಇಬ್ಬರಿಗೂ ಒಂದೇ ಪಥ್ಯ. ಮದ್ದು ತಿಂದವರು ಸರಾಸರಿ ೩.೨ ಕಿಲೋ ಇಳಿದರು, ಹುಸಿಗುಳಿಗೆಯವರು ೪.೧ ಕಿಲೋ ಇಳಿದರು. ಇಳಿಸಿದ್ದು ಪಥ್ಯವೆಂದು ಇದರಿಂದ ತಿಳಿಯಿತು. ಈ ಹಣ್ಣಿನ ಸಾರವನ್ನು ಗುಳಿಗೆಯಾಗಿ ನುಂಗಿದವರಲ್ಲಿ ಯಕೃತ್ತು ಕೆಟ್ಟ ಪ್ರಸಂಗಗಳೂ ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ಇನ್ನೊಂದು ಮಾತು: ಚರಕನು ಸ್ಥೂಲಚಿಕಿತ್ಸೆಗೆ ಕೊಟ್ಟ ಪಟ್ಟಿಯಲ್ಲಿ ಉಪ್ಪಾಗೆಯಿಲ್ಲ. ಅಡಿಗೆಗೆ ಹಾಕಿದ ಹುಳಿ ಹುಳಿಯಾಗಿಯೇ ಇರಲಿ. ಅದರಿಂದ ಯಾರಿಗೂ ಕೇಡಿಲ್ಲ. ಸಾರವನ್ನು ಗಟ್ಟಿ ಮಾಡಿ ಗುಳಿಗೆಗೆ ತುಂಬಿದಾಗ ಅದು ಅಡಿಗೆಯ ಪದಾರ್ಥವಾಗಿ ಉಳಿಯುವುದಿಲ್ಲ.

ಮೂರನೆಯದು ತ್ರಿಫಲಾ. ೨೦೧೨ರಲ್ಲಿ ಇರಾನಿನಲ್ಲಿ ೬೨ ಜನ ಸ್ಥೂಲರಿಗೆ ತ್ರಿಫಲೆಯ ತಯಾರಿಕೆಯನ್ನು ಹನ್ನೆರಡು ವಾರ ಕೊಟ್ಟು ನೋಡಿದ ಪರೀಕ್ಷೆಯಲ್ಲಿ ಒಳ್ಳೆಯ ಫಲ ಕಂಡಿತು. ಸಂತೋಷದ ಮಾತೇ. ಆದರೆ ಅದು ಸಣ್ಣ ಪರೀಕ್ಷೆ, ಅದೊಂದರ ಮೇಲೆ ನಿಂತು ತೀರ್ಪು ಹೇಳಲಾಗದು. ತ್ರಿಫಲೆಯಿಂದ ಮಲಬದ್ಧತೆ ಸಡಿಲವಾಗುವುದು ಎಲ್ಲರೂ ಬಲ್ಲ ಸಂಗತಿ. ಮಲ ಹೋಗುವುದು ಬೇರೆ, ಕೊಬ್ಬು ಹೋಗುವುದು ಬೇರೆ. ಮೈ ಇಳಿಸುವ ಚೂರ್ಣಗಳಲ್ಲಿ ಕೆಲವಕ್ಕೆ ಸೋನಾಮುಖಿಯಂಥ ಭೇದಿಯ ಎಲೆಯನ್ನು ಸೇರಿಸುತ್ತಾರೆ. ತಿಂದ ಎರಡು ದಿನದಲ್ಲಿ ಒಂದೆರಡು ಕಿಲೋ ಇಳಿದಂತೆ ಕಾಣುವುದು. ಇಳಿದದ್ದು ನೀರು, ನೀರು ಕುಡಿದೊಡನೆ ತೂಕ ಮರಳುತ್ತದೆ. ದಿನವೂ ಭೇದಿ ಮಾಡಿಸಿಕೊಂಡು ಬಿಸಿಲಲ್ಲಿ ಇಟ್ಟಿಗೆ ಹೊರುವವನ ಗತಿಯೇನು?

ಗಿಡಮೂಲಿಕೆಯಾದ್ದರಿಂದ ಅಪಾಯವಿಲ್ಲವೆಂಬ ಮಾತನ್ನು ಈಗ ನೋಡೋಣ. ೧೯೯೦ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸಿನಲ್ಲಿ ಮೈ ಇಳಿಸುವ ಚಿಕಿತ್ಸಾಲಯವೊಂದರಲ್ಲಿ ಚೀನೀ ಬೇರುಗಳ ಗುಳಿಗೆ ತಿಂದ ನೂರರಷ್ಟು ಹೆಂಗಸರ ಮೂತ್ರಪಿಂಡಗಳು ಕೆಟ್ಟುಹೋದವು. ಒಂದು ಬೇರಿನ ಬದಲು ಅದನ್ನೇ ಹೋಲುವ ಇನ್ನೊಂದು ಬೇರು ಸೇರಿತ್ತು. ಆಮೇಲೆ ಅವರಲ್ಲಿ ಅನೇಕರಿಗೆ ಮೂತ್ರನಾಳದ ಕ್ಯಾನ್ಸರೂ ಕಂಡಿತು. ಆ ವಿಷದ ಬೇರಿನ ಕುಲಕ್ಕೆ ಸೇರಿದ್ದೇ ನಮ್ಮ ಹಳ್ಳಿಗಳ ಈಶ್ವರಿ ಬಳ್ಳಿ. ೨೦೨೦ರಲ್ಲಿ ಕೊರೊನಾ ಕಾಲದಲ್ಲಿ ಮುಂಬಯಿಯಲ್ಲಿ ಅಮೃತಬಳ್ಳಿಯ ಕಷಾಯವನ್ನು ಬಹಳ ದಿನ ಕುಡಿದ ಆರು ಜನರ ಯಕೃತ್ತು ಬಾತ ಸಂಗತಿಯನ್ನು ಅಲ್ಲಿಯ ವೈದ್ಯರು ೨೦೨೧ರಲ್ಲಿ ಪ್ರಕಟಿಸಿದರು. ಆಯುಷ್ ಮಂತ್ರಾಲಯದವರು ಇದನ್ನು ಒಪ್ಪದೆ, ಬೇರೆ ಬಳ್ಳಿಯೊಡನೆ ಗೊಂದಲವಾಗಿರಬಹುದೆಂದರು. ಯಾರ ಮಾತು ಸರಿಯಾದರೂ ನಮಗೆ ಪಾಠ ಒಂದೇ: ಗಿಡದ ಗುರುತು ತಪ್ಪಿದರೂ ಕೇಡು, ಗುರುತು ಸರಿಯಿದ್ದು ಅಳತೆ ತಪ್ಪಿದರೂ ಕೇಡು.

ಬೆರಕೆಯದು ಬೇರೊಂದು ಭಯ. ಸಿಬುಟ್ರಮೀನ್ ಎಂಬ ಹಸಿವು ಕುಂದಿಸುವ ರಾಸಾಯನಿಕವಿತ್ತು. ಹೃದಯಕ್ಕೆ ಅಪಾಯವೆಂದು ೨೦೧೦ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಯಿಂದ ತೆಗೆದರು, ೨೦೧೧ರಲ್ಲಿ ನಮ್ಮ ಸರಕಾರವೂ ನಿಷೇಧಿಸಿತು. ಆಮೇಲೆಯೂ 'ಶುದ್ಧ ಗಿಡಮೂಲಿಕೆ' ಎಂದು ಮಾರಿದ ಎಷ್ಟೋ ಗುಳಿಗೆಗಳಲ್ಲಿ ಅದನ್ನು ಗುಟ್ಟಾಗಿ ಬೆರೆಸಿದ್ದು ಅಮೆರಿಕದ ಅಧಿಕಾರಿಗಳ ಪರೀಕ್ಷೆಯಲ್ಲಿ ಸಿಕ್ಕಿದೆ. ಆದುದರಿಂದ ಒಂದು ವಾರದಲ್ಲಿಯೇ ಹಸಿವು ಸತ್ತು, ಎದೆ ಡವಡವ ಹೊಡೆದು, ನಿದ್ದೆ ಹಾರಿದರೆ "ಮದ್ದು ಹಿಡಿಯಿತು" ಎಂದು ಹಿಗ್ಗಬಾರದು. ಡಬ್ಬಿಯನ್ನು ಮುಚ್ಚಿ ವೈದ್ಯರಲ್ಲಿಗೆ ನಡೆಯಬೇಕು. ೨೦೦೮ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಅಂತರಜಾಲದ ಮೂಲಕ ಕೊಂಡ ೧೯೩ ಆಯುರ್ವೇದ ಮದ್ದುಗಳಲ್ಲಿ ಐದರಲ್ಲಿ ಒಂದು ಪಾಲಿಗೆ ಸೀಸ, ಪಾದರಸ, ಪಾಷಾಣ ಇವುಗಳಲ್ಲಿ ಒಂದಿಲ್ಲೊಂದು ಕಂಡುಬಂತು.

ನಮ್ಮ ಕಣ್ಣಮುಂದೆ ನಡೆದ ಒಂದು ಸಂಗತಿಯನ್ನೂ ಹೇಳಬೇಕು. ಯಾದಗಿರಿ ಕಡೆಯ ಒಬ್ಬ ಸೋದರರು ಇಲ್ಲಿ ಕಾವಲಿನ ಕೆಲಸದಲ್ಲಿದ್ದಾರೆ. ಸಕ್ಕರೆ ಕಾಯಿಲೆಗೆ ಗುಳಿಗೆ ತಿನ್ನುತ್ತಿದ್ದರು. ಮಾರುವವನು "ಈ ಚೂರ್ಣ ಬೊಜ್ಜಿಗೂ ಆಗುತ್ತದೆ, ಸಕ್ಕರೆಗೂ ಆಗುತ್ತದೆ, ಆ ಗುಳಿಗೆ ಬಿಟ್ಟುಬಿಡಿ" ಎಂದನಂತೆ. ಬಿಟ್ಟರು. ತೂಕವೇನೋ ಇಳಿಯಿತು. ಸಕ್ಕರೆ ಏರಿದಾಗಲೂ ಮೈ ಇಳಿಯುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ. ಬೂಟು ಕಚ್ಚಿದ ಕಾಲಿನ ಗಾಯ ಮಾಯದೆ ಕೀವುಗಟ್ಟಿ ಆಸ್ಪತ್ರೆ ಸೇರಿದರು. ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಅವರ ಒಪ್ಪಿಗೆಯಿಂದಲೇ ಇದನ್ನು ಹೇಳುತ್ತಿದ್ದೇವೆ. ಸಕ್ಕರೆ, ರಕ್ತದ ಒತ್ತಡ, ಥೈರಾಯ್ಡು ಇವುಗಳಿಗೆ ತಿನ್ನುವ ಗುಳಿಗೆಯನ್ನು ಯಾವ ಚೂರ್ಣದವನ ಮಾತಿಗೂ ಬಿಡಬಾರದೆಂದು ನಿಮಗೆಲ್ಲ ಹೇಳಿರೆಂದು ಅವರೇ ಕೇಳಿಕೊಂಡರು.

ಕಾನೂನು ಏನು ಹೇಳುತ್ತದೆ? ೧೯೫೪ರಷ್ಟು ಹಿಂದೆಯೇ ಔಷಧ ಮತ್ತು ಮಾಯಾಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆ ಬಂತು. ಇಂಥ ರೋಗಗಳನ್ನು ಗುಣಪಡಿಸುತ್ತೇವೆಂದು ಮದ್ದಿನ ಜಾಹೀರಾತು ಕೊಡಬಾರದೆಂದು ಅದರಲ್ಲಿ ಪಟ್ಟಿಯಿದೆ, ಆ ಪಟ್ಟಿಯಲ್ಲಿ ಬೊಜ್ಜೂ ಸೇರಿದೆ. ಗೋಡೆಯ ಮೇಲೆ "ಬೊಜ್ಜು ಗ್ಯಾರಂಟಿ ಮಾಯ" ಎಂದು ಬರೆಯುವುದೇ ತಪ್ಪು. ೧೯೪೦ರ ಔಷಧ ಕಾಯಿದೆಗೆ ೧೯೬೪ರಲ್ಲಿ ತಿದ್ದುಪಡಿಯಾಗಿ ಆಯುರ್ವೇದ ಮದ್ದು ತಯಾರಿಸುವವರೂ ಪರವಾನಗಿ ಪಡೆಯಬೇಕೆಂದಾಯಿತು. ಆದುದರಿಂದ ಡಬ್ಬಿ ಕೈಗೆ ಬಂದಾಗ ಇಷ್ಟನ್ನು ನೋಡಿರಿ: ತಯಾರಿಸಿದವರ ಹೆಸರು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕ, ಯಾವ ವಸ್ತು ಎಷ್ಟು ಸೇರಿದೆ ಎಂಬ ವಿವರ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಕೊಳ್ಳಬೇಡಿರಿ. ಇವೆಲ್ಲ ಇದ್ದಮಾತ್ರಕ್ಕೆ ಮೈ ಇಳಿಯುವುದೆಂದೂ ಅಲ್ಲ. ಕೇಡಾದರೆ ಯಾರನ್ನು ಕೇಳಬೇಕೆಂಬುದಾದರೂ ತಿಳಿಯುತ್ತದೆ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಮಾಡುವುದೇನು ಎಂದು ಕೇಳುವಿರಿ. ನಮ್ಮ ಕೋಣೆಗಳಲ್ಲಿ, ನಮ್ಮ ದುಡಿಮೆಯೊಡನೆ ಆಗುವಂಥದನ್ನೇ ಹೇಳುತ್ತೇವೆ.

ಮೊದಲು ಚಹದ ಲೆಕ್ಕ. ದಿನಕ್ಕೆ ಆರು ಚಹ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ೬೦ ಗ್ರಾಂ. ತಿಂಗಳಿಗೆ ಒಂದು ಕಿಲೋ ಎಂಟುನೂರು ಗ್ರಾಂ ಸಕ್ಕರೆ ಚಹದಲ್ಲಿಯೇ ಹೊಟ್ಟೆಗೆ ಹೋಗುತ್ತದೆ. ದಿನಕ್ಕೆ ೨೫ ಗ್ರಾಮಿನೊಳಗೆ ಇದ್ದರೆ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಹೇಳಿದೆ. ಮೂರು ಚಹಕ್ಕೆ ಇಳಿಸಿ, ಒಂದೊಂದೇ ಚಮಚ ಹಾಕಿಕೊಂಡರೆ ೧೫ ಗ್ರಾಂ. ಉಳಿದ ೪೫ ಗ್ರಾಮಿಗೆ ದಿನಕ್ಕೆ ೧೮೦ ಕ್ಯಾಲೊರಿ, ತಿಂಗಳಿಗೆ ೫,೪೦೦. ಒಂದು ಕಿಲೋ ಕೊಬ್ಬಿಗೆ ಸುಮಾರು ೭,೭೦೦ ಕ್ಯಾಲೊರಿಯೆಂದು ಲೆಕ್ಕ. ಅಂದರೆ ಬೇರೇನೂ ಮಾಡದೆ ಮೊದಲ ತಿಂಗಳಲ್ಲಿ ಅರ್ಧ ಕಿಲೋದಷ್ಟಾದರೂ ಇಳಿಯುವ ಸಂಭವವಿದೆ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ, ದುಡ್ಡು ಉಳಿಯುತ್ತದೆ.

ಎರಡನೆಯದು ಊಟ. ಪಾಳಿ ಮುಗಿಸಿ ಬರುವಾಗ ಹಸಿದ ಹೊಟ್ಟೆಗೆ ವಡಾಪಾವು ಸುಲಭ. ಮೈದಾ, ಆಲೂಗಡ್ಡೆ, ಎಣ್ಣೆ ಸೇರಿ ಒಂದಕ್ಕೆ ಮುನ್ನೂರರ ಹತ್ತಿರ ಕ್ಯಾಲೊರಿ, ಎರಡು ತಿಂದರೂ ಎರಡು ತಾಸಿಗೆ ಮತ್ತೆ ಹಸಿವು. ಅದೇ ಜೋಳದ ರೊಟ್ಟಿ, ಹುರುಳಿಯದೋ ಹೆಸರಿನದೋ ಪಲ್ಯ, ಮೇಲೊಂದು ಲೋಟ ನೀರು ಮಜ್ಜಿಗೆ ಇದ್ದರೆ ಹೊಟ್ಟೆ ರಾತ್ರಿಯೆಲ್ಲ ನಿಲ್ಲುತ್ತದೆ. ನಾಲ್ಕಾರು ಜನ ಕೂಡಿ ಅಡಿಗೆ ಮಾಡುವ ಕೋಣೆಗಳಲ್ಲಿ ವಾರಕ್ಕೆ ಮೂರು ದಿನ ಅನ್ನದ ಬದಲು ರೊಟ್ಟಿಯನ್ನೋ ನವಣೆಯನ್ನೋ ಮಾಡಿಕೊಂಡರೆ ಚರಕನ ಪಟ್ಟಿಯ ಅರ್ಧ ನಮ್ಮ ತಟ್ಟೆಗೆ ಬಂದಂತಾಯಿತು. ನೆಲ್ಲಿಕಾಯಿ ಚಳಿಗಾಲದಲ್ಲಿ ಹಡಪಸರದ ಸಂತೆಯಲ್ಲಿಯೇ ಸಿಗುತ್ತದೆ. ಮೆಂತ್ಯ, ಶುಂಠಿ, ಜೀರಿಗೆ ಅಡಿಗೆಯ ಅಳತೆಯಲ್ಲಿ ತಿನ್ನಲು ಯಾರ ಅಪ್ಪಣೆಯೂ ಬೇಡ. ಒಲೆಗೆ ಸುರಿಯುವ ಎಣ್ಣೆಯನ್ನು ಸೀಸೆಯಿಂದ ಸುರಿಯದೆ ಚಮಚದಿಂದ ಹಾಕುವ ರೂಢಿ ಮಾಡಿಕೊಳ್ಳಬೇಕು.

ಮೂರನೆಯದು ನಡಿಗೆ. ಕಟ್ಟಡದ ಕೆಲಸದವರಿಗೆ ಇದನ್ನು ಹೇಳಬೇಕಾಗಿಲ್ಲ, ಅವರ ಮೈ ದಣಿದೇ ಇರುತ್ತದೆ. ಅವರಲ್ಲಿ ಅನೇಕರಿಗೆ ಬೇಕಾದದ್ದು ಹೊಟ್ಟೆ ತುಂಬ ಊಟವೇ ಹೊರತು ಮೈ ಇಳಿಸುವ ಮದ್ದಲ್ಲ. ಆದರೆ ಮಗರಪಟ್ಟೆ, ಫುರಸುಂಗಿ ಕಡೆಯ ಕಚೇರಿಗಳಲ್ಲಿ ಹತ್ತು ತಾಸು ಕುರ್ಚಿಯಲ್ಲಿ ಕುಳಿತಿರುವ ಗುಮಾಸ್ತರು, ಕಾವಲಿನವರು, ವಾಹನ ನಡೆಸುವವರು ವಾರಕ್ಕೆ ೧೫೦ ನಿಮಿಷವಾದರೂ ಚುರುಕಾಗಿ ನಡೆಯಬೇಕು. ಬಸ್ಸಿನಿಂದ ಎರಡು ನಿಲ್ದಾಣ ಮೊದಲೇ ಇಳಿದರೆ ಅದು ಕೂಡಿಬರುತ್ತದೆ.

ನಾಲ್ಕನೆಯದು ನಿದ್ದೆ. ಇಲ್ಲಿ ಶಾಸ್ತ್ರದಿಂದ ಸ್ವಲ್ಪ ಬೇರೆ ನಿಲ್ಲಬೇಕಾಗುತ್ತದೆ. ಚರಕನು ಸ್ಥೂಲನಿಗೆ ಜಾಗರಣೆಯನ್ನು ಹೇಳಿದ್ದಾನೆ. ಉಂಡು ಮಲಗುವ ಸುಖಪುರುಷರನ್ನು ಕಂಡು ಹೇಳಿದ ಮಾತಿರಬೇಕು. ರಾತ್ರಿ ಪಾಳಿಯವನಿಗೆ ಅದು ಹೊಂದದು. ನಿದ್ದೆ ಕೆಟ್ಟವರಿಗೆ ಹಸಿವೂ ಸಿಹಿಯ ಆಸೆಯೂ ಹೆಚ್ಚುತ್ತದೆಂದೂ, ಪಾಳಿಯ ಕೆಲಸದವರಲ್ಲಿ ಬೊಜ್ಜು ಹೆಚ್ಚೆಂದೂ ಈಗ ತಿಳಿದುಬಂದಿದೆ. ರಾತ್ರಿ ದುಡಿದವನು ಹಗಲು ಮಲಗುವುದು ಸೋಮಾರಿತನವಲ್ಲ. ಕೋಣೆಯ ಉಳಿದವರು ಕಿಟಕಿ ಮುಚ್ಚಿ, ರೇಡಿಯೋ ಫೋನು ಸದ್ದಡಗಿಸಿ ಅವನಿಗೆ ಆರೇಳು ತಾಸು ನಿದ್ದೆ ಸಿಗುವಂತೆ ನೋಡಿಕೊಂಡರೆ ಅದೇ ದೊಡ್ಡ ಉಪಕಾರ.

ಎಷ್ಟು ಇಳಿಯಬೇಕು? ೮೦ ಕಿಲೋ ಇರುವವರು ಆರು ತಿಂಗಳಲ್ಲಿ ನಾಲ್ಕರಿಂದ ಎಂಟು ಕಿಲೋ ಇಳಿದರೆ ಸಕ್ಕರೆಗೂ ರಕ್ತದ ಒತ್ತಡಕ್ಕೂ ಹಿತವೆಂದು ವೈದ್ಯರು ಹೇಳುತ್ತಾರೆ. ಅದಕ್ಕಿಂತ ಅವಸರ ಬೇಡ. ಅತಿ ಕೃಶನನ್ನೂ ನಿಂದಿತರ ಪಟ್ಟಿಗೇ ಸೇರಿಸಿದ್ದಾರೆಂಬುದನ್ನು ಮರೆಯಬಾರದು.

ಇಷ್ಟಾದ ಮೇಲೂ ಮದ್ದು ಬೇಕೆನಿಸಿದವರು ಬೀದಿಯಲ್ಲಿ ಕೊಳ್ಳದೆ ಓದಿದ ವೈದ್ಯರನ್ನು ಕಾಣಬೇಕು. ನಮ್ಮ ಹಡಪಸರದ ಮಾಳವಾಡಿಯಲ್ಲಿಯೇ ಸುಮತಿಭಾಯಿ ಶಹಾ ಆಯುರ್ವೇದ ಮಹಾವಿದ್ಯಾಲಯವೂ ಸಾನೆ ಗುರೂಜಿ ಆಸ್ಪತ್ರೆಯೂ ಇವೆ. ರಾಸ್ತಾ ಪೇಠೆಯಲ್ಲಿ ೧೯೩೩ರಿಂದ ಟಿಳಕ ಆಯುರ್ವೇದ ಮಹಾವಿದ್ಯಾಲಯವಿದೆ. ಹೋಗುವಾಗ ತಿನ್ನುತ್ತಿರುವ ಎಲ್ಲ ಗುಳಿಗೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಮರಾಠಿ ಬಾರದಿದ್ದರೆ ವಾಚನಾಲಯದಲ್ಲಿ ಹೇಳಿರಿ, ಜೊತೆಗೆ ಒಬ್ಬರು ಬರುತ್ತಾರೆ. ಈ ಮದ್ದಿನ ಹೆಸರೇನು, ಎಷ್ಟು ದಿನ ತಿನ್ನಬೇಕು, ನನ್ನ ಹಳೆಯ ಗುಳಿಗೆಯೊಡನೆ ಹೊಂದುತ್ತದೆಯೇ, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು, ಈ ನಾಲ್ಕನ್ನು ಕೇಳದೆ ಬರಬಾರದು. ಬಸುರಿ ಬಾಣಂತಿಯರು, ಮಕ್ಕಳು, ಯಕೃತ್ತು ಮೂತ್ರಪಿಂಡದ ತೊಂದರೆಯಿರುವವರು ತಾವಾಗಿ ಏನನ್ನೂ ತಿನ್ನಬಾರದು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣವಾದರೆ, ಕಾಲು ಬಾತರೆ ಅಂದೇ ಸಸೂನಿಗೋ ಹತ್ತಿರದ ಆಸ್ಪತ್ರೆಗೋ ಹೋಗಬೇಕು, ಡಬ್ಬಿಯನ್ನೂ ಒಯ್ಯಬೇಕು. ೨೦೨೫ರಿಂದ ನಮ್ಮಲ್ಲಿಯೂ ಮೈ ಇಳಿಸುವ ಹೊಸ ಸೂಜಿಮದ್ದುಗಳು ಬಂದಿವೆ. ಅವಕ್ಕೂ ಇದೇ ಮಾತು: ವೈದ್ಯರ ಚೀಟಿಯಿಲ್ಲದೆ ಮುಟ್ಟಬಾರದು.

ಕೊನೆಗೆ ಒಂದು ವಿಜ್ಞಾಪನೆ. ಇಂದಿನಿಂದ ವಾಚನಾಲಯದ ಬಾಗಿಲ ಬಳಿ ಒಂದು ತೂಕದ ಯಂತ್ರವನ್ನೂ ಅಳತೆಯ ಟೇಪನ್ನೂ ಇಡಲಾಗಿದೆ. ಪತ್ರಿಕೆಯ ಮೇಜಿನ ಮೇಲೆ ಒಂದು ವಹಿಯಿದೆ. ಇಷ್ಟವಿದ್ದವರು ಹೆಸರಿನ ಬದಲು ತಮಗೆ ಬೇಕಾದ ಒಂದು ಅಂಕಿ ಹಾಕಿ, ತಿಂಗಳಿಗೊಮ್ಮೆ ತೂಕವನ್ನೂ ಸೊಂಟದ ಅಳತೆಯನ್ನೂ ಬರೆಯಬಹುದು. ಡಬ್ಬಿ ಚೀಟಿಗಳನ್ನು ಓದಿ ಹೇಳುವುದಕ್ಕೆ ಭಾನುವಾರ ಹತ್ತರಿಂದ ಹನ್ನೆರಡು ಗಂಟೆಯವರೆಗೆ ನಮ್ಮಲ್ಲಿ ಒಬ್ಬರು ಕುಳಿತಿರುತ್ತಾರೆ. ಕೊಂಡ ಮೇಲೆ ತರುವುದಕ್ಕಿಂತ, ಕೊಳ್ಳುವ ಮೊದಲೇ ಹೆಸರು ಬರೆದುಕೊಂಡು ಬಂದರೆ ನಿಮ್ಮ ಹಣ ಉಳಿಯುತ್ತದೆ, ನಮಗೂ ಸಂತೋಷ.